ಹಿತ್ತಾಳೆ ಬಿಲ್ಲೆ, ಮೂರನೆಯ ಕನ್ನಡಿ

ಜೂನ್ ೪

ಪ್ರೀತಿಯ ಮಾವನಿಗೆ,

ನನಗೆ ಕೆಲಸ ಸಿಕ್ಕಿತು. ಎಲ್ಲಿ ಎಂದು ಹೇಳಿದ ತಕ್ಷಣ ನೀವು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದುತ್ತೀರಿ. ಈಗಲೇ ಒರೆಸಿಕೊಳ್ಳಿ. ನೀವೂ ಅಮ್ಮನೂ ಕೆಲಸ ಮಾಡಿದ ಕನ್ನಡಿ ಕಾರ್ಖಾನೆಯಲ್ಲಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹ್ಞೂಂ’ ಬಿಟ್ಟು ಬೇರೆ ಮಾತಾಡುವುದಿಲ್ಲ. ನಾನು ‘ಮತ್ತೆ?’ ಬಿಟ್ಟು ಬೇರೆ ಮಾತಾಡುವುದಿಲ್ಲ. ಕಾಗದದಲ್ಲಾದರೆ ಇಬ್ಬರಿಗೂ ಬಾಯಿ ಬರುತ್ತದೆ.

ಸಾಹಿತ್ಯ ಓದಿದವಳಿಗೆ ದೂರದರ್ಶಕ ಮಾಡುವ ಕಡೆ ಏನು ಕೆಲಸ ಅಂತ ಕೇಳಬೇಡಿ, ಸಂದರ್ಶನದಲ್ಲಿ ಮುಖ್ಯಸ್ಥರೂ ಅದನ್ನೇ ಕೇಳಿದರು. ಅವರು ಈಗ ಮೂರು ಕನ್ನಡಿಗಳ ದೂರದರ್ಶಕವೊಂದನ್ನು ಕಟ್ಟುತ್ತಿದ್ದಾರೆ. ಹೊಸದಾಗಿ ಸೇರುವವರಿಗೆ ಅರ್ಥವಾಗುವಂತೆ ಅದರ ಕೈಪಿಡಿ ಬರೆಯಬೇಕು. ಲೆಕ್ಕ ಗೊತ್ತಿದ್ದವರು ಬರೆದ ಮೊದಲ ಪ್ರತಿಯನ್ನು ಲೆಕ್ಕ ಗೊತ್ತಿದ್ದವರೇ ಓದಲಾಗದೆ ವಾಪಸ್ ಕೊಟ್ಟರಂತೆ. ಹಾಗಾಗಿ ನಾನು.

ದೂರದರ್ಶಕದ ರೂಪರೇಷೆ ಹಾಕಿದವರನ್ನು ಇಲ್ಲಿ ಎಲ್ಲರೂ ಲೆಕ್ಕದ ಮೇಡಂ ಅನ್ನುತ್ತಾರೆ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು: “ನೋಡು, ಒಂದೇ ಕನ್ನಡಿ ಇದ್ರೆ ನಡುವಿನ ನಕ್ಷತ್ರ ಚುಕ್ಕಿ ಹಾಗೆ ಇರುತ್ತೆ, ಅಂಚಿನಲ್ಲಿರೋದಕ್ಕೆ ಬಾಲ ಬರುತ್ತೆ. ಎರಡನೇ ಕನ್ನಡಿ ಆ ಬಾಲ ಕತ್ತರಿಸುತ್ತೆ. ಆದ್ರೂ ಅಂಚಿನ ಚುಕ್ಕಿ ಹಿಡಿದು ಎಳೆದ ಹಾಗೆ ಉದ್ದ ಆಗಿರುತ್ತೆ. ಮೂರನೇದು ಬಂದು ಅದನ್ನೂ ದುಂಡಗೆ ಮಾಡುತ್ತೆ.”

ನನಗೆ ಧೈರ್ಯ ಬಂದು “ನಾಲ್ಕನೇದು?” ಅಂದೆ.

“ನಾಲ್ಕನೇದು ಬಂದ್ರೆ ನಾನು ಕೆಲಸ ಬಿಡ್ತೀನಿ.”

ಈಗ ಮುಖ್ಯ ವಿಷಯ. ಮೂರರಲ್ಲಿ ಮೊದಲನೆಯ, ಎಲ್ಲಕ್ಕಿಂತ ದೊಡ್ಡ ಕನ್ನಡಿಗೆಂದು ತರಿಸಿದ್ದ ಗಾಜು ಕುಲುಮೆಯಲ್ಲಿ ಬಿರುಕು ಬಿಟ್ಟಿದೆ. ಇನ್ನೊಂದಕ್ಕೆ ಎರಡು ವರ್ಷ ಕಾಯಬೇಕು. ಉಗ್ರಾಣದವರು ನನ್ನನ್ನು ಕರೆದುಕೊಂಡು ಹೋಗಿ, ಹಳೆಯ ಮರದ ಪೆಟ್ಟಿಗೆಯೊಂದರ ಮುಂದೆ ನಿಲ್ಲಿಸಿ, “ಇದು ಬೆರಳು ಮೇಸ್ತ್ರಿ ಮಾಡಿದ ಕನ್ನಡಿ” ಅಂದರು. ಒಂದು ಮೀಟರ್ ಅಗಲ, ನಡುವೆ ತೂತು. ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಮುಟ್ಟಬೇಡಿ’. ಆ ‘ಡಿ’ಯ ಗುಡಿಸು ನೋಡಿದ ಕೂಡಲೇ ನನ್ನ ಹುಟ್ಟುಹಬ್ಬದ ಕಾಗದಗಳೆಲ್ಲ ನೆನಪಾದವು. ಬೆರಳು ಮೇಸ್ತ್ರಿ ನೀವೇ ಅಲ್ಲವೇ?

ಜುಲೈ ಮೂವತ್ತಕ್ಕೆ ಸಮಿತಿ ಕೂರುತ್ತದೆ. ಅದನ್ನು ಬಳಸಿಕೊಳ್ಳಬಹುದು ಅಂತ ತೀರ್ಮಾನವಾದರೆ ಸರಿ. ಇಲ್ಲದಿದ್ದರೆ ಅದರ ಮುಖ ತೇಯ್ದು ಸಪಾಟು ಮಾಡಿ ಬೇರೆ ಕೆಲಸಕ್ಕೆ ಹಾಕುತ್ತಾರೆ. ಅದರಲ್ಲಿ ದೋಷ ಏನಿದೆ, ಮಾವ?

ನಿಮ್ಮ
ಪೆನ್ಸಿಲ್

(ಅಣ್ಣಾ, ಇವಳ ಬುತ್ತಿ ದಿನಾ ಅರ್ಧ ವಾಪಸ್ ಬರ್ತಿದೆ. ನೀನೇ ಬೈದು ಬರಿ. ನಾನು ಬೈದು ಸಾಕಾಗಿದೆ. — ನಿನ್ನ ತಂಗಿ)


ಜೂನ್ ೧೪

ಪೆನ್ಸಿಲ್,

ಕನ್ನಡಕ ಒರೆಸಿಕೊಂಡೇ ಓದಿದೆ. ಆದರೂ ಎರಡು ಸಲ ಓದಬೇಕಾಯಿತು.

ಬುತ್ತಿ ಪೂರ್ತಿ ತಿನ್ನು. ಇಷ್ಟೇ ಬೈಗುಳ. ಉಳಿದದ್ದನ್ನು ನಿನ್ನ ಅಮ್ಮನಿಗೆ ಬಿಟ್ಟಿದ್ದೇನೆ, ಅವಳ ಹತ್ತಿರ ಸ್ಟಾಕ್ ಚೆನ್ನಾಗಿದೆ.

ಅಂಗಡಿ ನಡೆಯುತ್ತಿದೆ. ನಿನ್ನೆ ಒಬ್ಬ ಹೆಂಗಸು ಬಂದು, “ಹಳೇ ಕನ್ನಡಕದಲ್ಲಿ ಹೇಗೆ ಕಾಣ್ತಿತ್ತೋ ಹಾಗೇ ಕಾಣ್ಬೇಕು, ಆದ್ರೆ ಚೆನ್ನಾಗಿ ಕಾಣ್ಬೇಕು” ಅಂದರು. ನಾನು ಹಳೆಯದನ್ನೇ ಸೋಪು ಹಾಕಿ ತೊಳೆದು ಕೊಟ್ಟೆ. “ಅಬ್ಬಾ, ಎಷ್ಟು ಸ್ಪಷ್ಟ!” ಅಂದರು. ಕನ್ನಡಿಯವನಾಗಿದ್ದಾಗ ನನಗೆ ಯಾರೂ ಇಷ್ಟು ಬೇಗ ಶಹಬ್ಬಾಸ್ ಹೇಳಿರಲಿಲ್ಲ.

ಅಲ್ಲಿ ಇರುವ ತನಕ ಇಷ್ಟು ನೆನಪಿಟ್ಟುಕೊ. ಹೊಳಪು ಕೊಡುವ ಕೋಣೆಗೆ ಹೊರಗಿನ ಚಪ್ಪಲಿ ಹಾಕಿಕೊಂಡು ಹೋಗಬೇಡ. ಒಂದು ಮರಳಿನ ಕಣ ಉಜ್ಜುವ ರಾಳದೊಳಗೆ ಸೇರಿದರೆ ಆರು ತಿಂಗಳ ಕೆಲಸಕ್ಕೆ ಗೀರು ಬೀಳುತ್ತದೆ. ಹೊಳಪಿಗೆ ಹಾಕುವ ಕೆಂಪು ಪುಡಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ನಿನ್ನ ಅಮ್ಮನನ್ನು ಕೇಳು. ಮತ್ತೆ, ಯಾರಾದರೂ ಅಳತೆ ತೆಗೆಯುವಾಗ ಮಾತಾಡಿಸಬೇಡ.

ಬೆರಳು ಮೇಸ್ತ್ರಿ ನಾನೇ. ಯಂತ್ರ ನಿಲ್ಲಿಸಿದ ಮೇಲೆ ಕೊನೆಯ ಒಂದಿಷ್ಟನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದೆ, ಅದಕ್ಕೆ ಆ ಹೆಸರು. ಆ ಕನ್ನಡಿ ಕೆಟ್ಟದ್ದು. ಯಾಕೆ ಅಂತ ಫೈಲಿನಲ್ಲಿ ಇರಬೇಕು. ಗಾಜು ಮಾತ್ರ ಒಳ್ಳೆಯ ಗಾಜು, ಸಪಾಟು ಮಾಡಿಕೊಂಡರೆ ಉಪಯೋಗಕ್ಕೆ ಬರುತ್ತದೆ. ಮಾಡಿಕೊಳ್ಳಲಿ.

ಮನೆಯಲ್ಲಿ ಅದರ ಮಾತು ಎತ್ತಬೇಡ. ನಿನ್ನ ಅಮ್ಮನಿಗೆ ಆ ದಿನಗಳ ನೆನಪು ಬೇಡ.

ನಿನ್ನ
ಮಾವ


ಜೂನ್ ೨೩

ಪ್ರೀತಿಯ ಮಾವನಿಗೆ,

ಒಂದು ವಿಷಯ ಮುಚ್ಚಿಟ್ಟಿದ್ದೆ. ಮೊದಲ ಕಾಗದ ಬರೆಯುವಾಗಲೇ ನಾನು ಫೈಲು ಓದಿದ್ದೆ. ನಿಮ್ಮ ಬಾಯಿಂದ ಬರಲಿ ಅಂತ ಕೇಳಿದೆ. ತಪ್ಪು ಮಾಡಿದೆ.

ಫೈಲಿನಲ್ಲಿ ಕೊನೆಯ ಹಾಳೆಯಲ್ಲಿ ಒಂದೇ ಸಾಲು ಇದೆ: ‘ಹೊಳಪು ಕೊಡುವಾಗ ನನ್ನ ಕೈ ತಪ್ಪಿ ಮೇಲ್ಮೈ ಅಲ್ಲಲ್ಲಿ ಕೆಟ್ಟಿದೆ.’ ಕೆಳಗೆ ನಿಮ್ಮ ಸಹಿ. ಮರುದಿನದಿಂದ ಹಾಜರಿ ಪುಸ್ತಕದಲ್ಲಿ ನೀವಿಲ್ಲ.

ಮಾವ, ಯಾರ ಕೈ ತಪ್ಪುವುದಿಲ್ಲ ಹೇಳಿ? ನಾನು ಮೊನ್ನೆ ಕೈಪಿಡಿಯ ಮೊದಲ ಪುಟದಲ್ಲೇ ‘ದೂರದರ್ಶಕ’ ಅನ್ನುವ ಕಡೆ ‘ದೂರವಾಣಿ’ ಅಂತ ಬರೆದಿದ್ದೆ. ಲೆಕ್ಕದ ಮೇಡಂ ಓದಿ, “ಯಾವ ನಕ್ಷತ್ರ ಫೋನ್ ಎತ್ತುತ್ತೆ ಕೇಳ್ಕೊಂಡು ಬಾ” ಅಂದರು. ಒಂದು ಕನ್ನಡಿ ಕೆಟ್ಟಿತು ಅಂತ ಇಪ್ಪತ್ತನಾಲ್ಕು ವರ್ಷ ಈ ಬೀದಿಗೆ ಕಾಲಿಡದೆ ಇರಬೇಕಿತ್ತೇ? ಅದಕ್ಕೇ ಅಲ್ಲವೇ ನೀವು ನಮ್ಮ ಮನೆಗೆ ಬರದೆ, ವರ್ಷಕ್ಕೊಮ್ಮೆ ನಮ್ಮನ್ನೇ ಅಲ್ಲಿಗೆ ಕರೆಸಿಕೊಂಡಿದ್ದು?

ಮೂರು ಕನ್ನಡಿಗಳ ವಿಷಯ ಓದಿದಷ್ಟೂ ನನಗೆ ಒಂದು ಸಮಾಧಾನ. ಇದರಲ್ಲಿ ಯಾವ ಕನ್ನಡಿಯೂ ತಾನೊಂದೇ ಸರಿಯಾಗಿರಬೇಕಿಲ್ಲ. ಮೊದಲನೆಯದರ ವಕ್ರತೆ ಲೆಕ್ಕಕ್ಕಿಂತ ಆಚೆ ಈಚೆ ಆಗಿದ್ದರೂ, ಎಷ್ಟು ಅಂತ ಗೊತ್ತಾದರೆ ಉಳಿದೆರಡನ್ನು ಅದಕ್ಕೆ ತಕ್ಕ ಹಾಗೆ ಮಾಡಿಕೊಳ್ಳಬಹುದಂತೆ. ಆದರೆ ಆ ತಪ್ಪು ಸುತ್ತಲೂ ಒಂದೇ ಸಮ ಇರಬೇಕು. ಕೈ ತಪ್ಪಿ ಅಲ್ಲೊಂದು ಇಲ್ಲೊಂದು ತಗ್ಗು ಬಿದ್ದಿದ್ದರೆ ಆಗುವುದಿಲ್ಲ. “ತೇಪೆಗೆ ತೇಪೆ ಹಾಕೋಕಾಗಲ್ಲ” ಅಂತ ಮುಖ್ಯಸ್ಥರು ಅಂದರು. ಪೂರ್ತಿ ಪರೀಕ್ಷೆ ಮಾಡುವ ಎತ್ತರದ ಚೌಕಟ್ಟನ್ನು ಎಂದೋ ಬಿಚ್ಚಿಹಾಕಿದ್ದಾರೆ. ಮತ್ತೆ ಕಟ್ಟಲು ಎಂಟು ತಿಂಗಳು. ಮೇಸ್ತ್ರಿಯೇ ಹಾಳಾಗಿದೆ ಅಂತ ಸಹಿ ಹಾಕಿದ ಗಾಜಿಗೆ ಎಂಟು ತಿಂಗಳು ಯಾರು ಕೊಡುತ್ತಾರೆ?

ನೀವು ನಾಚಿಕೊಳ್ಳಬೇಡಿ ಅಂತ ಹೇಳುವುದಕ್ಕೆ ಇಷ್ಟುದ್ದ ಬರೆದೆ.

ನಿಮ್ಮ
ಪೆನ್ಸಿಲ್

(ಅಣ್ಣಾ, ಇವಳು ಏನು ಬರೆದಿದ್ದಾಳೋ, ಓದೋಕೆ ಬಿಡ್ತಿಲ್ಲ. ಅಡಿಯಲ್ಲಿ ಎರಡು ಬೆರಳು ಜಾಗ ಕೊಟ್ಟಿದ್ದಾಳೆ. ಮಂಡಿಗೆ ಎಣ್ಣೆ ಹಚ್ಚಿಕೋ.)


ಜುಲೈ ೧

ಪೆನ್ಸಿಲ್,

ನಿನ್ನ ಸಮಾಧಾನ ತಲುಪಿತು.

ನನ್ನ ಕೈ ತಪ್ಪಿತು ಅಂತ ನೀನೂ ನಂಬಿದೆಯಾ?

ಮಾವ


ಜುಲೈ ೮

ಪ್ರೀತಿಯ ಮಾವನಿಗೆ,

ನಿಮ್ಮ ಎರಡು ಸಾಲನ್ನು ನಾನು ಎಷ್ಟು ಸಲ ಓದಿದೆ ಗೊತ್ತೇ? ಮೊದಲು ಕೋಪ ಬಂದಿದೆ ಅಂದುಕೊಂಡೆ. ಹೌದು, ಕೋಪವೇ. ಆದರೆ ತಪ್ಪು ಮಾಡಿದವನ ಕೋಪದ ಹಾಗಿಲ್ಲ. ಅಡುಗೆಗೆ ಉಪ್ಪು ಹೆಚ್ಚಾಗಿದೆ ಅಂದರೆ ಅಮ್ಮ ಒಂದು ಥರ ಸುಮ್ಮನಾಗುತ್ತಾಳೆ, ಹೆಚ್ಚಾಗದೇ ಇದ್ದಾಗ ಅಂದರೆ ಇನ್ನೊಂದು ಥರ ಸುಮ್ಮನಾಗುತ್ತಾಳೆ. ಇದು ಆ ಎರಡನೆಯದು.

ಅದಕ್ಕೆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಲೆಕ್ಕದ ಮೇಡಂ ಹತ್ತಿರ ಹೋಗಿ, ಬಾಗಿಲಲ್ಲೇ ಹತ್ತು ನಿಮಿಷ ನಿಂತೆ. ಅವರೇ, “ಒಳಗೆ ಬರ್ತೀಯೋ, ಬಾಗಿಲಿಗೆ ಬಣ್ಣ ಹೊಡೀತೀಯೋ?” ಅಂದರು. ಸುಮ್ಮನೆ ಒಂದು ಸಲ ನೋಡಬಹುದೇ ಅಂತ ಕೇಳಿದೆ. ಅವರಿಗೂ ಆಸೆ ಇತ್ತು ಅನ್ನಿಸುತ್ತದೆ, ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದರು.

ಭಾನುವಾರ ಯಂತ್ರಗಳೆಲ್ಲ ನಿಂತಿರುತ್ತವೆ, ನೆಲ ಅದುರುವುದಿಲ್ಲ. ಕನ್ನಡಿ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತೇ ಇತ್ತು. ಮುಂದಿನ ಹಲಗೆ ಬಿಚ್ಚಿ, ಉಗ್ರಾಣದ ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿ, ಐದು ಮೀಟರ್ ದೂರದಲ್ಲಿ ಸಣ್ಣ ದೀಪ, ನಿಮ್ಮ ಕಾಲದ ಪರೀಕ್ಷಾ ಮಸೂರ, ಒಂದು ಬ್ಲೇಡು. ಮರಳಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಕತ್ತರಿಸಿದರೆ ಕನ್ನಡಿಯ ಮೇಲಿನ ಏರುತಗ್ಗೆಲ್ಲ ನೆರಳಾಗಿ ಕಾಣುತ್ತದೆ ಅಂತ ಮೇಡಂ ಹೇಳಿಕೊಟ್ಟರು. ಮೇಡಂ ನೋಡಿದರು. ನನಗೆ ಜಾಗ ಬಿಟ್ಟರು.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ತೇಪೆ ಇರಲಿಲ್ಲ. ಗೆರೆ ಇರಲಿಲ್ಲ. ಬೂದು ಬಣ್ಣದ ಒಂದು ಅಗಲವಾದ ಉಂಗುರ. ಹೊಸದಾಗಿ ಮೆತ್ತಿದ ಒದ್ದೆ ಮಣ್ಣಿನ ಮೇಲೆ ತಟ್ಟೆ ಬೋರಲು ಹಾಕಿ ಎತ್ತಿದರೆ ಅಂಚು ಉಳಿಯುತ್ತದಲ್ಲ, ಹಾಗೆ. ಆದರೆ ಅದಕ್ಕಿಂತ ನುಣುಪು. ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಅಂತ ಹೇಳಲಾಗದ ಹಾಗೆ ತೂತಿನಿಂದ ಏರಿ, ಅಂಚಿಗೆ ಇಳಿದಿತ್ತು. ಪೆಟ್ಟಿಗೆಯ ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಒಂದೇ ಸಮ. ಕೈ ತಪ್ಪಿದ ಕೆಲಸ ಇಷ್ಟು ಚೆಂದ ಇರುತ್ತದೆಯೇ, ಮಾವ?

ಮುಖ್ಯಸ್ಥರಿಗೆ ಹೇಳಿದೆವು. “ಕಣ್ಣಿಗೆ ಕಂಡಿದ್ದನ್ನ ಫೈಲಿಗೆ ಹಾಕೋಕಾಗುತ್ತೇನ್ರೀ? ಮೇಸ್ತ್ರಿ ಬರೆದಿರೋದು ಒಂದು, ನೀವು ಹೇಳೋದು ಒಂದು. ತಪ್ಪು ಎಷ್ಟು, ಹೇಗಾಯ್ತು ಅಂತ ಯಾರಾದ್ರೂ ಹೇಳಲಿ, ಚೌಕಟ್ಟು ಕಟ್ಟೋಣ” ಅಂದರು. ಹೇಳಬಲ್ಲವರು ನೀವೊಬ್ಬರೇ. ಒಂದು ಕಾಗದ ಸಾಕು.

ಇನ್ನೊಂದು ತಪ್ಪೊಪ್ಪಿಗೆ. ನೀವು ಬೇಡ ಅಂದಿದ್ದರೂ ಮನೆಯಲ್ಲಿ ಬಾಯಿ ತಪ್ಪಿತು. ಭಾನುವಾರ ಎಲ್ಲಿಗೆ ಹೋಗಿದ್ದೆ ಅಂತ ಅಮ್ಮ ಕೇಳಿದಳು, ಊಟಕ್ಕೆ ಕೂತಾಗ ಉಂಗುರದ ಕಥೆಯೆಲ್ಲ ಹೇಳಿಬಿಟ್ಟೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಪಾತ್ರೆಗಳು ಬೆಳಗಿನ ತನಕ ಹಾಗೇ ನೆನೆದಿದ್ದವು. ನೀವು ಹೇಳಿದ್ದು ನಿಜ, ಅವಳಿಗೆ ಆ ದಿನಗಳ ಮಾತು ಬೇಡ. ಇನ್ನು ಎತ್ತುವುದಿಲ್ಲ.

ನಿಮ್ಮ
ಪೆನ್ಸಿಲ್


ಜುಲೈ ೧೫

ಪೆನ್ಸಿಲ್,

ಇದನ್ನು ಕಾರ್ಖಾನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಬಂದ ನನ್ನ ಕಾಗದವನ್ನು ಯಾರು ಮೊದಲು ಒಡೆಯುತ್ತಾರೆ ಅಂತ ನನಗೂ ಗೊತ್ತು, ನಿನಗೂ ಗೊತ್ತು.

ನೀನು ಬರೆದ ಉಂಗುರವನ್ನು ಅಂಗಡಿ ಬಾಗಿಲು ಮುಂದೆ ಮಾಡಿಕೊಂಡು ಓದಿದೆ. ಇಪ್ಪತ್ತನಾಲ್ಕು ವರ್ಷದ ಮೇಲೆ ಆ ಕನ್ನಡಿಯನ್ನು ನೋಡಿದ ಹಾಗಾಯಿತು. ‘ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಅಂತ ಹೇಳಲಾಗದ ಹಾಗೆ.’ ಅದು ನನ್ನ ಹೆಬ್ಬೆರಳು, ಮಗಳೇ. ನನ್ನ ಕೈ ತಪ್ಪಿರಲಿಲ್ಲ. ಅಳತೆ ತಪ್ಪಿತ್ತು. ಹೇಳಿದ ಆಕಾರವನ್ನು ಕೂದಲೆಳೆ ಬಿಡದೆ ಕೊಟ್ಟಿದ್ದೆ. ಹೇಳಿದ ಆಕಾರವೇ ತಪ್ಪು.

ಹೇಗೆ ಅಂತ ಹೇಳುತ್ತೇನೆ. ಪರೀಕ್ಷಾ ಮಸೂರ ಕನ್ನಡಿಯಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ನಾವು ಉಜ್ಜುವ ಆಕಾರ ನಿಂತಿದೆ. ಅದನ್ನು ಅಳೆಯುವ ಕೋಲು ಮೇಲಿನಿಂದ ಇಳಿದು ಕನ್ನಡಿಯ ನಟ್ಟನಡುವನ್ನು ಮುಟ್ಟಬೇಕು. ನಟ್ಟನಡುವೆ ಏನಿದೆ? ತೂತು. ಮುಟ್ಟಲು ಗಾಜೇ ಇಲ್ಲ. ಅದಕ್ಕೆ ಒಂದು ಹಿತ್ತಾಳೆ ಬಿಲ್ಲೆ. ಅದನ್ನು ತೂತಿನ ಮೇಲಿಟ್ಟು ‘ಟಕ್’ ಅನ್ನುವ ತನಕ ಒತ್ತಿದರೆ, ಅಲ್ಲಿ ಗಾಜು ಇದ್ದಿದ್ದರೆ ಎಲ್ಲಿರುತ್ತಿತ್ತೋ ಸರಿಯಾಗಿ ಆ ಮಟ್ಟಕ್ಕೆ ಕೂರುತ್ತದೆ. ಒತ್ತದಿದ್ದರೆ ತೂತಿನ ಬಾಯಿಯ ಮೇಲೆ ನಿಲ್ಲುತ್ತದೆ, ಒಂದು ಮಿಲಿಮೀಟರ್ ಎತ್ತರದಲ್ಲಿ. ಕಣ್ಣಿಗೆ ಕಾಣುವುದಿಲ್ಲ. ಕೋಲು ಬಿಲ್ಲೆಗೆ ತಾಗುತ್ತದೆ, ಅಳತೆ ಬಂತು ಅಂತ ಬರೆದುಕೊಳ್ಳುತ್ತೇವೆ, ಹನ್ನೊಂದು ತಿಂಗಳು ಉಜ್ಜುತ್ತೇವೆ.

ಕೆಲಸ ಮುಗಿದ ದಿನ ಬಿಲ್ಲೆ ತೆಗೆಯಲು ಹೋದೆ. ಬೆರಳು ತಾಗಿತು, ‘ಟಕ್’ ಅಂತು. ಆಗ ಕೂತಿತು ಅದು.

ಬಿಲ್ಲೆ ಇಟ್ಟವಳು ನಿನ್ನ ಅಮ್ಮ. ಮಲಗಿಸಿದ ಕನ್ನಡಿಯ ಮೇಲೆ ಬಾಗಿ, ಅರ್ಧ ಮೀಟರ್ ಕೈ ಚಾಚಿ ಒತ್ತಬೇಕು. ಅವಳಿಗೆ ಆಗ ಎಂಟು ತಿಂಗಳು. ಎಷ್ಟು ಬಾಗಿದರೂ ಕೈಗಿಂತ ಮೊದಲು ಹೊಟ್ಟೆ ಕನ್ನಡಿಗೆ ತಾಗುತ್ತಿತ್ತು. ದಾರ ಕಟ್ಟಿ ಮೆಲ್ಲಗೆ ಇಳಿಸಿದಳು. ಸರಿಯಾಗಿ ಕೂತಿದೆ ಅಂದುಕೊಂಡಳು. ನಿನ್ನ ಅಪ್ಪ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ತಪ್ಪು ಗೊತ್ತಾಗುವ ಹೊತ್ತಿಗೆ ನೀನು ಹತ್ತು ತಿಂಗಳ ಕೂಸು, ಅಳತೆ ವಿಭಾಗದ ಮೂಲೆಯಲ್ಲಿ ತೊಟ್ಟಿಲು, ಅವಳಿಗೆ ಆ ಕೆಲಸ ಬಿಟ್ಟರೆ ಬೇರೆ ಆಸರೆ ಇಲ್ಲ. ಅಳತೆ ತಪ್ಪಿತು ಅಂತ ಬರೆದರೆ ಯಾರ ಅಳತೆ ಅಂತ ಕೇಳುತ್ತಾರೆ. ಕೈ ತಪ್ಪಿತು ಅಂತ ಬರೆದರೆ ಕೈ ನನ್ನದೇ. ಒಂದು ಸಾಲಿನ ಕೆಲಸ. ನನಗೆ ಹೆಂಡತಿ ಮಕ್ಕಳಿಲ್ಲ, ಕನ್ನಡಕ ಮಾಡಿಕೊಂಡು ಬದುಕಬಲ್ಲೆ.

ಅವಳಿಗೆ ಇದು ಗೊತ್ತಿಲ್ಲ. ಗೊತ್ತಾಗಬಾರದು. ಅವಳು ಊಟದ ಬಾಳೆ ಎಲೆಯನ್ನೂ ಅಳೆದು ಹರಿಯುವ ಹೆಂಗಸು. ಹನ್ನೊಂದು ವರ್ಷ ಅಲ್ಲಿ ಆಮೇಲೂ ದುಡಿದಳು, ಒಂದು ಅಳತೆ ತಪ್ಪಲಿಲ್ಲ ಅಂತ ಎದೆಯುಬ್ಬಿಸಿ ಹೇಳುತ್ತಾಳೆ. ಹೇಳಲಿ. ನಾನು ಕಾಗದ ಬರೆದರೆ ಹಾಜರಿ ಪುಸ್ತಕ ತೆಗೆದು ನೋಡುತ್ತಾರೆ, ಅವಳ ಹೆಸರು ಅಲ್ಲಿದೆ. ಹಾಗಾಗಿ ಬರೆಯುವುದಿಲ್ಲ. ಗಾಜು ಹೋದರೆ ಹೋಗಲಿ.

ನೀನೂ ಬಾಯಿ ಬಿಡಬೇಡ. ನೀನು ನಂಬಿಬಿಟ್ಟೆಯಲ್ಲ ಅಂತ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಆದರೂ ಜಂಬ ಹೋಗಿಲ್ಲ ನೋಡು. ನಿನಗೊಬ್ಬಳಿಗೆ ಗೊತ್ತಿದ್ದರೆ ಸಾಕು.

ಮಾವ


ಜುಲೈ ೨೦

ಪ್ರೀತಿಯ ಮಾವನಿಗೆ,

ಹೇಳುವುದಿಲ್ಲ. ನಿಮ್ಮ ಕಾಗದವನ್ನು ಕೈಪಿಡಿಯ ಮೂರನೆಯ ಅಧ್ಯಾಯದ ಅಡಿಯಲ್ಲಿ ಇಟ್ಟಿದ್ದೇನೆ, ಅಲ್ಲಿಯ ತನಕ ಯಾರೂ ಓದುವುದಿಲ್ಲ ಅಂತ ಮುಖ್ಯಸ್ಥರೇ ಹೇಳಿದ್ದಾರೆ.

ಆದರೆ ನನಗೆ ಕಷ್ಟವಾಗುತ್ತಿದೆ. ಲೆಕ್ಕದ ಮೇಡಂ ದಿನಾ ನನ್ನ ಮುಖ ನೋಡುತ್ತಾರೆ. “ಮಾವನಿಂದ ಏನಾದ್ರೂ ಬಂತಾ?” ಅನ್ನುತ್ತಾರೆ. “ಮಂಡಿನೋವಂತೆ” ಅನ್ನುತ್ತೇನೆ. ಇನ್ನು ಹತ್ತು ದಿನ. ಉಗ್ರಾಣದವರು ಪೆಟ್ಟಿಗೆಯನ್ನು ತೇಯುವ ಕೋಣೆಯ ಬಾಗಿಲಿಗೆ ತಂದು ಇಟ್ಟಿದ್ದಾರೆ. ನಿಮ್ಮ ‘ಮುಟ್ಟಬೇಡಿ’ಯ ಮೇಲೆ ಯಾರೋ ಛತ್ರಿ ನೇತುಹಾಕಿದ್ದರು, ತೆಗೆದು ಕೆಳಗಿಟ್ಟೆ.

ಅಮ್ಮನಿಗೆ ಯಾಕೋ ಮನಸ್ಸು ಸರಿಯಿಲ್ಲ. ಮನೆಪಾಠಕ್ಕೆ ಬರುವ ಮಕ್ಕಳನ್ನು ಈ ವಾರವೆಲ್ಲ ಬೇಗ ಕಳಿಸುತ್ತಿದ್ದಾಳೆ. ನಿನ್ನೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಸಕ್ಕರೆ ಡಬ್ಬಿಯ ಮುಚ್ಚಳವನ್ನು ಒತ್ತುವುದು, ತೆಗೆಯುವುದು, ಮತ್ತೆ ಒತ್ತುವುದು. “ಸಡಿಲ ಆಗಿದ್ಯಾ?” ಅಂತ ಕೇಳಿದರೆ, “ನಿನ್ನ ಕೆಲಸ ನೋಡ್ಕೋ” ಅಂದಳು. ನನ್ನ ಕೆಲಸದ ಚಿಂತೆಯೇ ಇರಬೇಕು, ಬುತ್ತಿ ಇನ್ನೂ ಅರ್ಧ ವಾಪಸ್ ಬರುತ್ತಿದೆ. ಈ ಸಲ ಅಡಿಯಲ್ಲಿ ಜಾಗ ಬಿಡುತ್ತೇನೆ ಅಂದರೂ ಬೇಡ ಅಂದಳು.

ನಿಮ್ಮ ಮಾತು ಉಳಿಸಿಕೊಂಡಿದ್ದೇನೆ. ಸಂತೋಷದಿಂದಲ್ಲ.

ಪೆನ್ಸಿಲ್


ಜುಲೈ ೩೧

ಅಣ್ಣಾ,

ಈ ಸಲ ಪೂರ್ತಿ ಕಾಗದ ನನ್ನದು. ಅಡಿಯಲ್ಲಿ ಎರಡು ಬೆರಳು ಜಾಗ ಇವಳಿಗೂ ಕೊಡುವುದಿಲ್ಲ.

ನಿನಗೆ ಯಾರು ಹೇಳಿದ್ದು ಹೊತ್ಕೋ ಅಂತ? ನಾನು ಕೇಳಿದ್ದೆನಾ?

ಇವಳನ್ನು ಬೈಯಬೇಡ, ಇವಳು ಬಾಯಿ ಬಿಟ್ಟಿಲ್ಲ. ಬಿಡುವ ಅಗತ್ಯವೇ ಇರಲಿಲ್ಲ. ಊಟಕ್ಕೆ ಕೂತು ಉಂಗುರ, ನುಣುಪು, ಸುತ್ತಲೂ ಒಂದೇ ಸಮ ಅಂತ ನಾನು ಕಣ್ಣಾರೆ ಕಂಡ ಹಾಗೆ ವರ್ಣಿಸಿದಳು. ಕೈ ತಪ್ಪಿದರೆ ಹಾಗೆ ಕಾಣುವುದಿಲ್ಲ ಅಂತ ಹನ್ನೆರಡು ವರ್ಷ ಅಳತೆ ತೆಗೆದವಳಿಗೆ ಹೇಳಿಕೊಡಬೇಕೇ? ಹಾಗೆ ಕಾಣುವುದು ಅಳತೆ ತಪ್ಪಿದಾಗ. ಅಳತೆ ತೆಗೆದವಳು ನಾನು.

ಆಮೇಲೆ ಮೂರು ವಾರ ನೆನಪಿಸಿಕೊಂಡೆ. ದಾರದಲ್ಲಿ ಬಿಲ್ಲೆ ಇಳಿಸಿದ್ದು ನೆನಪಾಯಿತು. ‘ಟಕ್’ ಅಂದಿತೇ ಅಂತ ಕಿವಿಗೊಟ್ಟು ನಿಂತಿದ್ದೆ. ಅದೇ ಗಳಿಗೆಯಲ್ಲಿ ಹೊಟ್ಟೆಯೊಳಗಿಂದ ಇವಳು ಒದ್ದಳು, ಇವಳಪ್ಪ ಹೋದ ಮೇಲೆ ಮೊದಲ ಸಲ ನನಗೆ ನಗು ಬಂತು. ನಗುತ್ತಾ ದಾರ ಬಿಚ್ಚಿಕೊಂಡೆ. ಶಬ್ದ ಕೇಳಿಸಿತೋ ಇಲ್ಲವೋ ಆಮೇಲೆ ಯೋಚಿಸಲೇ ಇಲ್ಲ.

ನಿನ್ನೆ ಸಮಿತಿಯ ಕೋಣೆಗೆ ಹೋದೆ. ಇವಳಿಗೂ ಹೇಳಿರಲಿಲ್ಲ, ನನ್ನನ್ನು ನೋಡಿ ಕೈಯಲ್ಲಿದ್ದ ಹಾಳೆಗಳನ್ನೆಲ್ಲ ನೆಲಕ್ಕೆ ಚೆಲ್ಲಿದಳು. “ಅಳತೆ ನಂದು, ತಪ್ಪೂ ನಂದು. ಹಳೇ ಬಿಲ್ಲೆ ತರಿಸಿ” ಅಂದೆ. ಉಗ್ರಾಣದ ಯಾವುದೋ ಖಾನೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಪೆಟ್ಟಿಗೆ ಇದ್ದಲ್ಲಿಗೇ ಎಲ್ಲರೂ ಹೋದೆವು. ಕನ್ನಡಿಯನ್ನು ಮಲಗಿಸಿ, ಎಲ್ಲರ ಎದುರೇ ದಾರ ಕಟ್ಟಿ ಇಳಿಸಿದೆ, ಒತ್ತಲಿಲ್ಲ. ಲೆಕ್ಕದ ಮೇಡಂ ಅಳೆದರು. ಒಂದು ಮಿಲಿಮೀಟರ್, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಅವರು ಅಲ್ಲೇ ಗೋಡೆಗೆ ಹಾಳೆ ಒತ್ತಿಕೊಂಡು ಲೆಕ್ಕ ಹಾಕಿದರು. ಒಂದು ಮಿಲಿಮೀಟರಿಗೆ ಎಂಥ ಉಂಗುರ ಬರಬೇಕೋ ಅಂಥದ್ದನ್ನೇ ಇವಳು ನೋಡಿದ್ದಳಂತೆ.

ಮುಖ್ಯಸ್ಥರು, “ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?” ಅಂದರು.

“ಇಷ್ಟು ವರ್ಷ ಗೊತ್ತಿರಲಿಲ್ಲ. ಗೊತ್ತಾಗಿ ಮೂರು ವಾರ ಆಯ್ತು. ಧೈರ್ಯ ಬರೋಕೆ ಅಷ್ಟು ದಿನ ಬೇಕಾಯ್ತು” ಅಂದೆ. ಯಾರೂ ನಗಲಿಲ್ಲ. ಒಬ್ಬರು ಕುರ್ಚಿ ತಂದು ಕೊಟ್ಟರು.

ಗಾಜು ಉಳಿಯಿತು. ಚೌಕಟ್ಟು ಮತ್ತೆ ಕಟ್ಟುತ್ತಾರೆ. ಎರಡನೆಯದನ್ನೂ ಮೂರನೆಯದನ್ನೂ ಈ ಮಿಲಿಮೀಟರಿಗೆ ತಕ್ಕ ಹಾಗೆ ಹೊಸದಾಗಿ ಲೆಕ್ಕ ಹಾಕುತ್ತಾರೆ. ಫೈಲಿನಲ್ಲಿ ನಿನ್ನ ಸಾಲಿನ ಕೆಳಗೆ ನನ್ನ ಸಾಲು ಬರೆದು ಸಹಿ ಹಾಕಿದೆ. ನಿನ್ನದನ್ನು ಹೊಡೆದುಹಾಕಲು ಅವರು ಬಿಡಲಿಲ್ಲ, ದಾಖಲೆಯಂತೆ.

ಅಣ್ಣಾ, ನಿನ್ನ ಮೇಲೆ ನನಗೆ ಇನ್ನೊಂದು ಕೋಪ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಕೈ ತಪ್ಪಿದ್ದಕ್ಕೆ ನಾಚಿ ನನ್ನನ್ನೂ ಮಗುವನ್ನೂ ಬಿಟ್ಟು ಓಡಿಹೋದ ಅಂದುಕೊಂಡಿದ್ದೆ. ಇಪ್ಪತ್ತನಾಲ್ಕು ವರ್ಷ ಮಂಡಿ, ಎಣ್ಣೆ, ಬುತ್ತಿ ಅಂತ ಬರೆದೆನೇ ಹೊರತು ಅದನ್ನು ಬರೆಯಲಿಲ್ಲ. ನನ್ನ ತಪ್ಪನ್ನು ಇಷ್ಟು ದಿನ ನೀನು ಇಟ್ಟುಕೊಂಡಿದ್ದು ಸಾಕು. ಅದು ನನ್ನದು. ವಾಪಸ್ ಕೊಡು.

ಮೂರನೆಯ ಕನ್ನಡಿಗೆ ಕೊನೆಯ ಕೈ ಹಾಕಲು ಬೆರಳು ಮೇಸ್ತ್ರಿ ಬರುತ್ತಾರಾ ಅಂತ ಮುಖ್ಯಸ್ಥರು ಕೇಳಿದ್ದಾರೆ. ಬರುತ್ತಾನೆ ಅಂತ ನಾನು ಹೇಳಿಬಿಟ್ಟಿದ್ದೇನೆ. ಈಗ ನೀನು ಬರದೆ ನನ್ನ ಮಾತು ತಪ್ಪಿಸಬೇಡ.

ತಂಗಿ


ಆಗಸ್ಟ್ ೯

ತಂಗಿಗೂ ಪೆನ್ಸಿಲ್‌ಗೂ, ಇಬ್ಬರೂ ಒಟ್ಟಿಗೆ ಓದಿ,

ಕಾಗದವನ್ನು ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನಾನು ದೊಡ್ಡ ಮನುಷ್ಯನಾಗಿ ಕಂಡೆ. ಎರಡನೆಯದರಲ್ಲಿ ಅತ್ತುಬಿಟ್ಟೆ. ಮೂರನೆಯದರಲ್ಲಿ ಎರಡೂ. ಇದು ನಾಲ್ಕನೆಯದು, ಲೆಕ್ಕದ ಮೇಡಂ ಕೆಲಸ ಬಿಡುವುದು ಬೇಡ.

ತಂಗೀ, ವಾಪಸ್ ಕೊಡು ಅಂದೆ. ಅರ್ಧ ಮಾತ್ರ ಕೊಡುತ್ತೇನೆ. ಬಿಲ್ಲೆ ಕೂತಿದೆಯಾ ಅಂತ ಬೆರಳಿಟ್ಟು ನೋಡಿ ಆಮೇಲೆ ಉಜ್ಜಲು ಶುರು ಮಾಡುವುದು ಮೇಸ್ತ್ರಿಯ ಕೆಲಸ. ನೀನು ಇಟ್ಟಿದ್ದೀಯ ಅಂತ ನಾನು ನೋಡಲಿಲ್ಲ. ನಿನ್ನನ್ನು ಉಳಿಸಿದೆ ಅಂತ ಇಷ್ಟು ವರ್ಷ ಒಳಗೊಳಗೇ ಬೀಗುತ್ತಿದ್ದೆ, ಆ ಜಂಬದಲ್ಲಿ ಇದನ್ನು ಮರೆತುಬಿಟ್ಟಿದ್ದೆ. ನಾನು ಓಡಿಹೋದೆ ಅಂತ ನೀನು ಅಂದುಕೊಂಡೆಯಲ್ಲ, ಅದೂ ಅರ್ಧ ನಿಜ. ಆ ಪೆಟ್ಟಿಗೆಯನ್ನು ದಿನಾ ನೋಡಿಕೊಂಡು ಇರಲು ನನ್ನಿಂದ ಆಗುತ್ತಿರಲಿಲ್ಲ.

ಮೂರನೆಯ ಕನ್ನಡಿಯ ಲೆಕ್ಕವನ್ನು ಮೇಡಂ ಕಳಿಸಿದ್ದಾರೆ. ಮೊದಲನೆಯದು ಎಷ್ಟು ತಪ್ಪಿದೆಯೋ ಅದಕ್ಕೆ ಜವಾಬು ಕೊಡುವ ಹಾಗೆ ಇದನ್ನು ಬೇಕೆಂದೇ ಬಾಗಿಸಬೇಕು. ಬದುಕೆಲ್ಲ ಸರಿಯಾದ ಕನ್ನಡಿ ಮಾಡಲು ಹೆಣಗಿದವನಿಗೆ ಈಗ ಕೂದಲೆಳೆ ಬಿಡದೆ ತಪ್ಪಾದದ್ದೊಂದನ್ನು ಮಾಡಿಕೊಡು ಅನ್ನುತ್ತಿದ್ದಾರೆ. ಪರವಾಗಿಲ್ಲ. ಆ ಒಂದು ಮಿಲಿಮೀಟರ್ ನನಗೆ ಹಳೆಯ ಪರಿಚಯ. ಹುಟ್ಟುವ ಮೊದಲೇ ಒದೆಯುತ್ತಿತ್ತು, ಈಗ ಬುತ್ತಿ ಅರ್ಧ ಬಿಡುತ್ತದಂತೆ.

ಪೆನ್ಸಿಲ್, ಕೈಪಿಡಿಯಲ್ಲಿ ಇದನ್ನೂ ಬರಿ. ಹೆಸರು ಬೇಡ, ಬಿಲ್ಲೆಯ ವಿಷಯ ಬರಿ. ಹೊಸಬರು ಒತ್ತಿ ನೋಡಲಿ.

ಅಂಗಡಿಯ ಕೀಲಿ ಪಕ್ಕದವರಿಗೆ ಕೊಟ್ಟಿದ್ದೇನೆ. ಹದಿನಾರನೇ ತಾರೀಕು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹಾಸಿಗೆಯನ್ನು ಕಿಟಕಿ ಹತ್ತಿರ ಹಾಕಿ. ಚೌಕಟ್ಟು ಎದ್ದ ದಿನ ಬಿಲ್ಲೆಯನ್ನು ನೀನೇ ಕೂರಿಸಬೇಕು, ತಂಗೀ. ಈಗ ಕೈ ಎಟುಕುತ್ತದೆ. ನಾನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತು ‘ಟಕ್’ ಅನ್ನುತ್ತದೆಯೇ ಅಂತ ಕೇಳಿಸಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ನಿನ್ನ ಮಗಳನ್ನು ಸ್ವಲ್ಪ ದೂರ ನಿಲ್ಲಿಸು.

ಅಣ್ಣ, ಮಾವ